ಡೈವ್ ವಾಚ್‌ಗಳಿಗೆ ಕೃತಕ ಮುಪ್ಪು

ಹೊಸದಾಗಿ ಕೊಂಡ ಅಗ್ಗದ ಡೈವ್ ವಾಚನ್ನು ರಾಸಾಯನಿಕ, ಶಾಖ, ಬಣ್ಣ ಅಥವಾ ಉಜ್ಜುವಿಕೆಯ ಮೂಲಕ ನಲವತ್ತು ಐವತ್ತು ವರ್ಷ ಬಳಸಿದಂತೆ ಕಾಣಿಸುವ ಹವ್ಯಾಸವಿದು. ವೃತ್ತಿಪರ ದುರಸ್ತಿಗಾರರು ಇದಕ್ಕೆ ಕೈ ಹಾಕುವುದು ಕಡಿಮೆ. ಸಾಮಾನ್ಯವಾಗಿ ಅಡುಗೆಮನೆಯ ಮೇಜಿನ ಮೇಲೆ, ಮನೆಯಲ್ಲೇ ಇರುವ ಸಾಮಾನಿನಿಂದ ನಡೆಯುವ ಕೆಲಸ. ವಾಚು ಅಗ್ಗದ್ದಾದ್ದರಿಂದ ಕೆಟ್ಟರೂ ನಷ್ಟ ದೊಡ್ಡದಲ್ಲ ಎಂಬ ಲೆಕ್ಕಾಚಾರ ಇದರ ಹಿಂದಿದೆ.

ಡೈವ್ ವಾಚ್ ಎಂದರೆ ಮುಳುಗುಗಾರರಿಗಾಗಿ ರೂಪಿಸಿದ, ನೀರು ಒಳಹೋಗದ, ಕತ್ತಲಲ್ಲೂ ಓದಲಾಗುವ, ಕಳೆದ ನಿಮಿಷಗಳನ್ನು ಗುರುತಿಸಲು ತಿರುಗುವ ಹೊರಬಳೆ (ಬೆಜೆಲ್) ಇರುವ ಗಡಿಯಾರ. ಇಂದು ನಾವು ನೋಡುವ ರೂಪ ಬಹುಮಟ್ಟಿಗೆ 1953ರ ಆಸುಪಾಸಿನಲ್ಲಿ ಬಂದ ಬ್ಲಾಂಕ್‌ಪೈನ್ ಫಿಫ್ಟಿ ಫ್ಯಾದಮ್ಸ್ ಮತ್ತು ರೋಲೆಕ್ಸ್ ಸಬ್‌ಮರೀನರ್‌ಗಳದ್ದು. ಕಪ್ಪು ಡಯಲ್, ದಪ್ಪ ಮುಳ್ಳು, ಕಪ್ಪು ಬೆಜೆಲ್. ಅವುಗಳ ಹಳೆಯ ಪ್ರತಿಗಳು ಈಗ ಸಾಮಾನ್ಯರ ಕೈಗೆ ಸಿಗುವ ಬೆಲೆಯಲ್ಲಿಲ್ಲ. ಅದೇ ಮೈಕಟ್ಟಿನ ಅಗ್ಗದ ವಾಚುಗಳಾದರೋ ಧಾರಾಳವಾಗಿವೆ: ಕ್ಯಾಸಿಯೊ ಕಂಪನಿಯ ಡ್ಯೂರೊ, 1967ರಿಂದ ರಷ್ಯಾದ ಚಿಸ್ಟೊಪೋಲ್‌ನಲ್ಲಿ ತಯಾರಾಗುತ್ತಿರುವ ವೊಸ್ಟೋಕ್ ಆಂಫಿಬಿಯಾ, 1996ರಿಂದ 2019ರವರೆಗೆ ಬಂದ ಸೈಕೊ ಎಸ್‌ಕೆಎಕ್ಸ್007. ಹವ್ಯಾಸಿಗಳ ಪ್ರಯೋಗಕ್ಕೆ ಹೆಚ್ಚಾಗಿ ಸಿಕ್ಕಿರುವುದು ಈ ಮೂರೇ.

ಹಳೆಯ ವಾಚಿಗೆ ಮುಪ್ಪು ಬಂದ ಬಗೆ

ಯಾವುದನ್ನು ಅನುಕರಿಸಲು ಹೊರಟಿದ್ದೇವೆ ಎಂಬುದು ತಿಳಿಯದೆ ಈ ಪ್ರಯೋಗಗಳ ಸೋಲು ಅರ್ಥವಾಗುವುದಿಲ್ಲ. 1950 ಮತ್ತು 60ರ ದಶಕದ ವಾಚುಗಳ ಡಯಲ್ ಬಣ್ಣಗಳಲ್ಲಿ ಕೆಲವು ಬಿಸಿಲಿನ ಅತಿನೇರಳೆ ಕಿರಣ ಮತ್ತು ಸೆಖೆಗೆ ಒಡ್ಡಿಕೊಂಡು ಕಪ್ಪಿನಿಂದ ಚಾಕೊಲೇಟ್ ಕಂದಿಗೆ ತಿರುಗಿದವು. ಇದು ತಯಾರಿಕೆಯ ದೋಷ. ಆ ಕಾಲದಲ್ಲಿ ಗಿರಾಕಿಗಳು ಇಂಥ ಡಯಲನ್ನು ಬದಲಿಸಿಕೊಡಿ ಎಂದು ಕೇಳುತ್ತಿದ್ದರು. ಈಗ ಸಂಗ್ರಾಹಕರು ಅದನ್ನೇ ‘ಟ್ರಾಪಿಕಲ್’ ಎಂದು ಕರೆದು ಹಲವು ಪಟ್ಟು ಬೆಲೆ ಕೊಡುತ್ತಾರೆ.

ಕತ್ತಲಲ್ಲಿ ಹೊಳೆಯುವ ಬಣ್ಣದ ಕಥೆ ಇನ್ನೂ ಮುಖ್ಯ. ಮೊದಲು ರೇಡಿಯಂ ಬಳಸುತ್ತಿದ್ದರು. ಅದರ ಅರ್ಧಾಯು ಸುಮಾರು 1600 ವರ್ಷ. ಆದರೆ ಅದರ ವಿಕಿರಣ ತಾಗಿ ಬೆಳಗಬೇಕಾದ ಜಿಂಕ್ ಸಲ್ಫೈಡ್ ಕೆಲವೇ ದಶಕಗಳಲ್ಲಿ ಸುಟ್ಟುಹೋಗುತ್ತದೆ. ಹಾಗಾಗಿ ಹೊಳಪು ಸತ್ತ ಮೇಲೂ ವಿಕಿರಣ ಉಳಿದಿರುತ್ತದೆ, ಸುತ್ತಲಿನ ಡಯಲ್ ಬಣ್ಣವನ್ನೂ ಕಂದಿಸುತ್ತದೆ. 1960ರ ದಶಕದಲ್ಲಿ ರೇಡಿಯಂ ಬಿಟ್ಟು ಟ್ರಿಟಿಯಂಗೆ ಹೋದರು. ಅದರ ಅರ್ಧಾಯು 12.3 ವರ್ಷ ಮಾತ್ರ. ಅರವತ್ತು ವರ್ಷ ಹಳೆಯ ವಾಚಿನಲ್ಲಿ ಮೂಲ ವಿಕಿರಣದ ಶೇಕಡ ಮೂರೂವರೆಯಷ್ಟು ಉಳಿದಿದ್ದರೆ ಹೆಚ್ಚು. ಈ ಅವಧಿಯಲ್ಲಿ ಬಣ್ಣ ಬಿಳಿಯಿಂದ ಕೆನೆ, ಕೆನೆಯಿಂದ ಜೇನಿನ ಬಣ್ಣಕ್ಕೆ ಇಳಿಯುತ್ತದೆ. ಹಳೆಯ ಡೈವ್ ವಾಚಿನ ಆಕರ್ಷಣೆಯಲ್ಲಿ ಅರ್ಧ ಪಾಲು ಈ ಜೇನುಬಣ್ಣದ್ದು.

1993ರಲ್ಲಿ ಜಪಾನಿನ ನೆಮೊಟೊ ಕಂಪನಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಆಧಾರಿತ ಲುಮಿನೋವಾವನ್ನು ತಂದಿತು. ಅದು ಬೆಳಕು ಹೀರಿಕೊಂಡು ಗಂಟೆಗಟ್ಟಲೆ ಹೊಳೆಯುತ್ತದೆ, ವಿಕಿರಣ ಇಲ್ಲ. ಇಂದಿನ ಬಹುಪಾಲು ವಾಚುಗಳಲ್ಲಿ ಇರುವುದು ಇದರ ಬಗೆಯದ್ದೇ. ಇದು ಟ್ರಿಟಿಯಂನಂತೆ ಜೇನುಬಣ್ಣಕ್ಕೆ ತಿರುಗುವುದಿಲ್ಲ. ಅಂದರೆ ಇಂದಿನ ಡ್ಯೂರೊ ವಾಚೊಂದನ್ನು ಐವತ್ತು ವರ್ಷ ಕಟ್ಟಿಕೊಂಡು ತಿರುಗಿದರೂ ಅದು 1965ರ ಸಬ್‌ಮರೀನರ್‌ನಂತೆ ಕಾಣಲಾರದು. ಹವ್ಯಾಸಿ ತನ್ನ ವಾಚಿಗೆ ಕೊಡುವುದು ಅದಕ್ಕೆ ಮುಂದೆ ಬರಲಿದ್ದ ಮುಪ್ಪನ್ನಲ್ಲ, ಬೇರೊಂದು ವಾಚಿಗೆ ಬಂದ ಮುಪ್ಪನ್ನು.

ಬೆಜೆಲ್ ಬಿಳುಚಿಸುವುದು

ಎಲ್ಲ ವಿಧಾನಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದೂ ತಕ್ಕಮಟ್ಟಿಗೆ ನಂಬಬಹುದಾದದ್ದೂ ಇದೇ. ಬೆಜೆಲ್‌ನ ಮೇಲೆ ಅಂಕಿಗಳಿರುವ ತೆಳು ಅಲ್ಯೂಮಿನಿಯಂ ಬಳೆಯೊಂದನ್ನು ಅಂಟಿಸಿರುತ್ತಾರೆ. ಅದಕ್ಕೆ ಇನ್ಸರ್ಟ್ ಎನ್ನುತ್ತಾರೆ. ಅಲ್ಯೂಮಿನಿಯಂನ ಮೈಮೇಲೆ ವಿದ್ಯುತ್ತಿನಿಂದ ಆಕ್ಸೈಡ್ ಪದರ ಬೆಳೆಸಿ, ಆ ಪದರದ ಸೂಕ್ಷ್ಮ ರಂಧ್ರಗಳಲ್ಲಿ ಬಣ್ಣ ಹೀರಿಸಿ, ಆಮೇಲೆ ಬಿಸಿನೀರಿನಿಂದಲೋ ಹಬೆಯಿಂದಲೋ ರಂಧ್ರ ಮುಚ್ಚುತ್ತಾರೆ. ಬಣ್ಣ ಸಾವಯವ ಡೈ ಆದ್ದರಿಂದ ಬಿಸಿಲಿಗೆ ಮಾಸುತ್ತದೆ. ಹಳೆಯ ವಾಚುಗಳ ಕಪ್ಪು ಬೆಜೆಲ್ ಬೂದಿ, ನೀಲಿಗಪ್ಪು, ಕೆಲವೊಮ್ಮೆ ಬೆಳ್ಳಿಯ ಬಣ್ಣಕ್ಕೆ ಬಂದದ್ದು ಹೀಗೆ.

ಹವ್ಯಾಸಿಗಳು ಬಿಸಿಲಿನ ಕೆಲಸವನ್ನು ಬಟ್ಟೆ ಬಿಳಿ ಮಾಡುವ ಬ್ಲೀಚ್‌ಗೆ, ಅಂದರೆ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣಕ್ಕೆ ವಹಿಸುತ್ತಾರೆ. ಬೆಜೆಲ್‌ನ ಅಂಚಿಗೆ ತೆಳು ಅಲಗು ಸೇರಿಸಿ ಮೇಲೆತ್ತಿ ತೆಗೆಯುತ್ತಾರೆ, ಹಿಂದಿನಿಂದ ಬಿಸಿಗಾಳಿ ತೋರಿಸಿ ಅಂಟು ಸಡಿಲಿಸಿ ಇನ್ಸರ್ಟ್ ಬಿಡಿಸುತ್ತಾರೆ, ಹನ್ನೆರಡರ ಗುರುತಿನಲ್ಲಿರುವ ಹೊಳೆಯುವ ಚುಕ್ಕೆಯನ್ನು ಮೊದಲೇ ಹೊರಗಿಡುತ್ತಾರೆ. ನೀರು ಬೆರೆಸಿದ ಬ್ಲೀಚ್‌ನಲ್ಲಿ ಅದ್ದಿದಾಗ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಮುಚ್ಚಿದ ರಂಧ್ರ ತೆರೆಯುವವರೆಗೆ ಬಣ್ಣ ಹಿಡಿದುಕೊಂಡೇ ಇರುತ್ತದೆ. ಒಮ್ಮೆ ಶುರುವಾದರೆ ಮಾತ್ರ ಓಟ ಜೋರು. ಕಪ್ಪು ಎನ್ನುವುದು ಹೆಚ್ಚಾಗಿ ಹಲವು ಡೈಗಳ ಮಿಶ್ರಣ. ಅವುಗಳಲ್ಲಿ ಒಂದು ಮೊದಲು ಕರಗಿ ಇನ್ನೊಂದು ಉಳಿಯುವುದರಿಂದ ನಡುವೆ ನೇರಳೆಯೋ ಕಂದೋ ನೀಲಿಯೋ ಕಾಣಿಸುತ್ತದೆ. ಯಾವುದು ಕಾಣುತ್ತದೆಂಬುದು ತಯಾರಕ ಬಳಸಿದ ಡೈಗೆ ಸೇರಿದ್ದು. ಬ್ಲೀಚ್ ಹಿಡಿದವನ ಕೈಯಲ್ಲಿಲ್ಲ.

ಇಲ್ಲಿ ತಾಳ್ಮೆಗಿಂತ ಗಮನ ಮುಖ್ಯ. ಬ್ಲೀಚ್ ಕ್ಷಾರೀಯ ದ್ರಾವಣ. ಡೈ ಮುಗಿದ ಮೇಲೂ ಬಿಟ್ಟರೆ ಅದು ಆಕ್ಸೈಡ್ ಪದರವನ್ನು, ಆಮೇಲೆ ಲೋಹವನ್ನೇ ತಿನ್ನುತ್ತದೆ. ಮೇಲ್ಮೈಯಲ್ಲಿ ಸುಣ್ಣದಂಥ ಬಿಳಿ ಕಲೆ ಏಳುತ್ತದೆ, ಅಂಕಿಗಳ ಅಂಚು ಸವೆಯುತ್ತದೆ. ಅದನ್ನು ಹಿಂದಕ್ಕೆ ತರುವ ದಾರಿಯಿಲ್ಲ. ಡೈ ಬದಲು ಪೇಂಟ್ ಬಳಿದ ಇನ್ಸರ್ಟ್‌ಗಳ ಮೇಲೆ ಬ್ಲೀಚ್ ಏನೂ ಮಾಡುವುದಿಲ್ಲ. ಸೆರಾಮಿಕ್ ಇನ್ಸರ್ಟ್ ಅಂತೂ ಯಾವುದಕ್ಕೂ ಜಗ್ಗುವುದಿಲ್ಲ. ಮಾಸಬಾರದೆಂದೇ ಅದನ್ನು ತಂದದ್ದು.

ಅಪಾಯದ ಮಾತು ಒಂದಿದೆ, ಅದನ್ನು ಮೆಲ್ಲಗೆ ಹೇಳಬಾರದು. ಬ್ಲೀಚ್ ಜತೆ ಪಾಯಿಖಾನೆ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಸೇರಿದರೆ ಕ್ಲೋರಮೈನ್ ಹೊರಬರುತ್ತದೆ. ಎರಡೂ ಉಸಿರುಗಟ್ಟಿಸುವ ವಿಷ. ಇದೇ ಹವ್ಯಾಸದ ಬೇರೆ ಬೇರೆ ಹಂತಗಳಲ್ಲಿ ಈ ಮೂರೂ ಪದಾರ್ಥ ಬಳಕೆಯಾಗುವುದರಿಂದ ಒಂದೇ ಬಟ್ಟಲು, ಒಂದೇ ಕೋಣೆ ಸಲ್ಲದು.

ಡಯಲ್ ಮತ್ತು ಹೊಳೆವ ಬಣ್ಣ

ಚಹಾ ಅಥವಾ ಕಾಫಿಯ ಡಿಕಾಕ್ಷನ್ ಅನ್ನು ಸಣ್ಣ ಕುಂಚದಿಂದ ಗುರುತುಗಳ ಮೇಲೆ ಹಚ್ಚುವುದು ಎಲ್ಲೆಡೆ ಕೇಳಿಬರುವ ಸಲಹೆ. ಚಹಾದ ಟ್ಯಾನಿನ್ ಕಲೆ ಮಾಡುವುದು ನಿಜ. ಆದರೆ ಸ್ಟ್ರಾನ್ಷಿಯಂ ಅಲ್ಯುಮಿನೇಟ್‌ಗೆ ನೀರು ಶತ್ರು. ರಕ್ಷಣೆಯ ಲೇಪನವಿಲ್ಲದ ಕಣಗಳು ತೇವ ತಾಗಿದರೆ ಒಡೆದು ಹೊಳಪು ಕಳೆದುಕೊಳ್ಳುತ್ತವೆ. ಬಣ್ಣ ಬಂತು, ಬೆಳಕು ಹೋಯಿತು ಎಂಬ ಸ್ಥಿತಿ. ಅರಿಶಿನವನ್ನೂ ಪ್ರಯೋಗಿಸಿದವರಿದ್ದಾರೆ. ಅದರ ಹಳದಿ ಬಿಸಿಲಿಗೆ ಬೇಗನೆ ಹಾರಿಹೋಗುತ್ತದೆ ಎಂಬುದು ಒಗೆದ ಸೀರೆಯನ್ನು ಬಿಸಿಲಿಗೆ ಹರವಿದವರಿಗೆಲ್ಲ ಗೊತ್ತು. ಒಣ ಬಣ್ಣದ ಪುಡಿಯನ್ನು ಪಾರದರ್ಶಕ ವಾರ್ನಿಷ್‌ನಲ್ಲಿ ಕಲಸಿ ತೆಳುವಾಗಿ ಹಚ್ಚುವುದು ಇವೆಲ್ಲಕ್ಕಿಂತ ಮೇಲು.

ಡಯಲನ್ನು ಬೇಯಿಸಿ ಕಂದಿಸುವ ವಿಧಾನವೂ ಇದೆ. ಅದಕ್ಕೆ ಮೊದಲು ಮುಳ್ಳುಗಳನ್ನು ಕಿತ್ತು ಡಯಲ್ ಹೊರತೆಗೆಯಬೇಕು. ಅಷ್ಟು ಮಾಡುವಷ್ಟರಲ್ಲೇ ಹಲವು ಪ್ರಯೋಗಗಳು ಮುಗಿದುಹೋಗುತ್ತವೆ: ಮುಳ್ಳು ಬಾಗುತ್ತದೆ, ಡಯಲ್ ಹಿಡಿದಿರುವ ಸಣ್ಣ ಕಾಲು ಮುರಿಯುತ್ತದೆ. ಬೇಯಿಸಿದರೂ ಇಂದಿನ ಡಯಲ್ ಬಣ್ಣಗಳು ಕಂದುವ ಮೊದಲು ಬೊಬ್ಬೆ ಏಳುವುದೇ ಹೆಚ್ಚು.

ಬೇಡಿಕೆ ಇದೆಯೆಂದು ಕಂಡ ತಯಾರಕರು ತಾವೇ ಕೆನೆಬಣ್ಣದ ಹೊಳೆವ ಬಣ್ಣ ಹಚ್ಚಿ ಮಾರಲು ಶುರುಮಾಡಿದ್ದಾರೆ. 2014ರ ಒಮೆಗಾ ಸೀಮಾಸ್ಟರ್ 300 ಇದಕ್ಕೆ ಹೆಸರಾದ ಉದಾಹರಣೆ. ಅಡುಗೆಮನೆಯ ಪ್ರಯೋಗವನ್ನು ಗೇಲಿ ಮಾಡುವವರು ಕಾರ್ಖಾನೆಯ ಪ್ರಯೋಗಕ್ಕೆ ಲಕ್ಷಗಟ್ಟಲೆ ಕೊಡುವುದುಂಟು.

ಲೋಹ

ಉಕ್ಕಿನ ಕೇಸಿಗೆ ವಯಸ್ಸು ತರಲು ಬೀಗದ ಕೈಗೊಂಚಲು, ಚಿಲ್ಲರೆ ನಾಣ್ಯಗಳ ಜತೆ ಡಬ್ಬಿಯಲ್ಲಿ ಹಾಕಿ ಕುಲುಕುತ್ತಾರೆ, ಮರಳುಕಾಗದದಿಂದ ಉಜ್ಜುತ್ತಾರೆ, ಪಾತ್ರೆ ತಿಕ್ಕುವ ಹಸಿರು ನಾರಿನಿಂದ ತಿಕ್ಕುತ್ತಾರೆ. ಸೋಲುವುದು ಇಲ್ಲೇ ಹೆಚ್ಚು. ಕೈಯಲ್ಲಿ ಸವೆದ ವಾಚು ಎಲ್ಲ ಕಡೆ ಒಂದೇ ರೀತಿ ಸವೆಯುವುದಿಲ್ಲ. ಚೈನಿನ ಕೊಂಡಿ ಮೇಜಿನ ಮೇಲೆ ಉಜ್ಜಿ ಉಜ್ಜಿ ಗೀರಿನಿಂದ ತುಂಬಿರುತ್ತದೆ. ಬೆಲ್ಟು ಕೂರುವ ಕೊಂಬುಗಳ ಹೊರ ಅಂಚು ದುಂಡಾಗಿರುತ್ತದೆ, ಒಳ ಅಂಚು ಚೂಪಾಗಿಯೇ ಇರುತ್ತದೆ. ಎಡಗೈಗೆ ಕಟ್ಟಿದ ವಾಚಿನ ಒಂಬತ್ತರ ಕಡೆ ಮತ್ತು ಚಾವಿಯ ಕಡೆ ಸವೆತ ಬೇರೆ ಬೇರೆ. ಹಳೆಯ ಗೀರಿನ ಮೇಲೆ ಹೊಸ ಗೀರು ಬಿದ್ದಿರುತ್ತದೆ, ಹಳೆಯದರ ದಡ ನಯವಾಗಿರುತ್ತದೆ. ಡಬ್ಬಿಯಲ್ಲಿ ಕುಲುಕಿದ ವಾಚಿನ ಗೀರುಗಳಿಗೆಲ್ಲ ಒಂದೇ ವಯಸ್ಸು. ಭೂತಗನ್ನಡಿ ಇಟ್ಟು ನೋಡಿದವರಿಗೆ ಇದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ವೊಸ್ಟೋಕ್‌ನ ಬೆಜೆಲ್ ಕ್ರೋಮ್ ಲೇಪಿಸಿದ ಹಿತ್ತಾಳೆ. ಲೇಪನ ತೆಗೆದು ಹಿತ್ತಾಳೆಗೆ ಕಿಲುಬು ಹಿಡಿಸುವುದು ಅದರ ಅಭಿಮಾನಿಗಳ ಪ್ರಿಯ ಕೆಲಸ. ಕಂಚಿನ ವಾಚುಗಳು ಈ ಹುಚ್ಚನ್ನು ಇನ್ನೂ ಬೆಳೆಸಿವೆ. 2011ರ ಪನೆರಾಯ್ ಬ್ರೊಂಜೊ, 2016ರ ಟ್ಯೂಡರ್ ಬ್ಲ್ಯಾಕ್ ಬೇ ಬ್ರಾಂಜ್ ಬಂದ ಮೇಲೆ ಅಗ್ಗದ ಕಂಚಿನ ಡೈವ್ ವಾಚುಗಳೂ ಸಾಲುಗಟ್ಟಿದವು. ಬೇಯಿಸಿದ ಕೋಳಿಮೊಟ್ಟೆಯನ್ನು ಹಿಚುಕಿ ವಾಚಿನ ಜತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮೊಟ್ಟೆಯಿಂದ ಬರುವ ಹೈಡ್ರೋಜನ್ ಸಲ್ಫೈಡ್ ತಾಮ್ರದೊಂದಿಗೆ ಸೇರಿ ಕಂದುಗಪ್ಪು ಪದರ ಕೂರಿಸುತ್ತದೆ. ಉಪ್ಪು ಮತ್ತು ಅಮೋನಿಯಾದ ಆವಿ ನೀಲಿ ಹಸಿರನ್ನು ತರುತ್ತದೆ. ಬೇಡವೆನಿಸಿದರೆ ಹುಣಸೆಹಣ್ಣು ಸಾಕು. ದೇವರ ಸಾಮಾನು ಬೆಳಗುವಂತೆ ಬೆಳಗಿದರೆ ಕಿಲುಬು ಕರಗಿ ಲೋಹ ಮತ್ತೆ ಹೊಸದಾಗುತ್ತದೆ. ಎಲ್ಲ ವಿಧಾನಗಳಲ್ಲಿ ಹಿಂದಿರುಗಲು ದಾರಿ ಇರುವುದು ಇದೊಂದಕ್ಕೇ. ಹೊಸಬರು ಇದರಿಂದಲೇ ಕೈ ಪಳಗಿಸಿಕೊಳ್ಳುವುದು ಜಾಣತನ.

ಲೋಹದ ಮೈಬಣ್ಣವನ್ನು ಬೇಕೆಂದೇ ಕಪ್ಪಾಗಿಸುವ ಕಲೆ ಕರ್ನಾಟಕಕ್ಕೆ ಹೊಸದಲ್ಲ. ಬೀದರಿನ ಬಿದ್ರಿ ಕುಶಲಕರ್ಮಿಗಳು ಹೆಚ್ಚು ಸತುವು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಕುದಿಸುತ್ತಾರೆ. ಸತುವಿನ ಮಿಶ್ರಲೋಹ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಶತಮಾನಗಳಿಂದ ನಡೆದುಬಂದಿರುವ ಈ ಕೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬಿದ್ರಿಯ ಕಪ್ಪು ತಾನು ಹಳೆಯದೆಂದು ಹೇಳಿಕೊಳ್ಳುವುದಿಲ್ಲ, ತಾನು ಕಪ್ಪೆಂದಷ್ಟೇ ಹೇಳುತ್ತದೆ. ವಾಚಿನ ಹವ್ಯಾಸಿಗೂ ಬಿದ್ರಿಯವರಿಗೂ ರಸಾಯನಶಾಸ್ತ್ರ ನೆಂಟಸ್ತಿಕೆಯದು, ಉದ್ದೇಶ ಬೇರೆ.

ನೀರು, ಒತ್ತಡ, ಸೂಪಾ

ಡೈವ್ ವಾಚಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6425. ಅದರಂತೆ ವಾಚು ಕನಿಷ್ಠ 100 ಮೀಟರ್ ಆಳ ತಾಳಬೇಕು, ನಮೂದಿಸಿದ ಒತ್ತಡಕ್ಕಿಂತ ಶೇಕಡ 25 ಹೆಚ್ಚಿಗೆ ಪರೀಕ್ಷೆಯಾಗಬೇಕು, ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಓದಲು ಬರಬೇಕು, ಉಪ್ಪುನೀರಿಗೆ ಜಗ್ಗಬಾರದು. ಮುಪ್ಪು ತರಿಸುವ ಹಲವು ವಿಧಾನಗಳು ಇವುಗಳಲ್ಲಿ ಒಂದಲ್ಲ ಒಂದನ್ನು ಹಾಳುಮಾಡುತ್ತವೆ. ಚಹಾ ಹೊಳಪನ್ನು ಕೊಲ್ಲುತ್ತದೆ. ಬಿಳುಚಿದ ಬೆಜೆಲ್‌ನ ಅಂಕಿ ನೀರಿನೊಳಗೆ ಕಾಣುವುದಿಲ್ಲ. ಹಿಂದಿನ ಮುಚ್ಚಳ ತೆರೆದು ಕೂರಿಸುವಾಗ ರಬ್ಬರ್ ಗ್ಯಾಸ್ಕೆಟ್‌ನ ಮೇಲೆ ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ದಾರಿ ಮಾಡಿಕೊಳ್ಳುತ್ತದೆ.

ಈ ಅಂಕಿಗಳ ಅರ್ಥ ತಿಳಿಯಲು ಉತ್ತರ ಕನ್ನಡದ ಸೂಪಾ ಒಳ್ಳೆಯ ಅಳತೆಗೋಲು. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಬಳಿ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಪ್ರತಿ ಹತ್ತು ಮೀಟರ್ ನೀರಿಗೆ ಸುಮಾರು ಒಂದು ಬಾರ್ ಒತ್ತಡ ಏರುತ್ತದೆ. ಅಂದರೆ ಈ ಜಲಾಶಯದ ತಳ ಮುಟ್ಟಿದರೂ ಒತ್ತಡ ಹತ್ತು ಬಾರ್ ಮೀರದು. 200 ಮೀಟರ್ ಎಂದು ಬರೆದ ಆರೋಗ್ಯವಂತ ವಾಚಿಗೆ ಇದು ಲೆಕ್ಕಕ್ಕಿಲ್ಲ. ಮನೆಯಲ್ಲಿ ಬಿಚ್ಚಿ ಜೋಡಿಸಿದ, ಒತ್ತಡ ಪರೀಕ್ಷೆ ಕಾಣದ ಅದೇ ವಾಚು ಬಕೆಟ್ಟಿನ ನೀರಿನಲ್ಲೇ ಕೈಕೊಡಬಹುದು.

ಗಣೇಶಗುಡಿಯ ಕೆಳಗೆ ರ‍್ಯಾಫ್ಟಿಂಗ್ ನಡೆಯುವುದು ಅಣೆಕಟ್ಟಿನ ವಿದ್ಯುದಾಗಾರದಿಂದ ಬಿಡುವ ನೀರನ್ನು ನಂಬಿ. ಅಲ್ಲಿ ಬಿಸಿಲಲ್ಲಿ ಕಾದ ವಾಚು ತಣ್ಣನೆಯ ಹೊಳೆನೀರಿಗೆ ಇಳಿದಾಗ ಒಳಗೆ ತೇವವಿದ್ದರೆ ಗಾಜಿನ ಒಳಮೈಯಲ್ಲಿ ಮಂಜು ಕಟ್ಟುತ್ತದೆ. ಮಾನದಂಡದ ಪರೀಕ್ಷೆಯೂ ಇದೇ ತತ್ವದ್ದು: ವಾಚನ್ನು 40ರಿಂದ 45 ಡಿಗ್ರಿಗೆ ಬಿಸಿಮಾಡಿ ಗಾಜಿನ ಮೇಲೆ ತಣ್ಣೀರಿನ ಹನಿಯೊಂದನ್ನು ಒಂದು ನಿಮಿಷ ಇಟ್ಟು ಒರೆಸುತ್ತಾರೆ, ಒಳಗೆ ಮಂಜು ಉಳಿದರೆ ವಾಚು ನಪಾಸು. ಉಗುರುಬೆಚ್ಚಗಿನ ವಾಚು, ಒಂದು ಹನಿ ನೀರು ಇದ್ದರೆ ಮನೆಯಲ್ಲೂ ಇದನ್ನು ನೋಡಬಹುದು. ಒತ್ತಡ ಪರೀಕ್ಷೆಯ ಬದಲಿಯಲ್ಲ, ಮೊದಲ ಎಚ್ಚರಿಕೆ.

ಮುಪ್ಪು ತಾನಾಗಿ ಬರಲಿ ಎನ್ನುವವರಿಗೆ ಈ ಸೀಮೆ ತಕ್ಕದ್ದು. ಜೋಯಿಡಾ, ದಾಂಡೇಲಿ ಕಡೆಯ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯಲು ವಾರ ಸಾಕು. ಕ್ರೋಮ್ ಲೇಪಿತ ಹಿತ್ತಾಳೆ ಬೆವರು ಮತ್ತು ತೇವಕ್ಕೆ ಗುಳ್ಳೆ ಏಳುತ್ತದೆ. ಹೊಳೆಯ ಮರಳಿನ ಸ್ಫಟಿಕದ ಗಡಸುತನ ಮೋಸ್ ಮಾಪನದಲ್ಲಿ 7. ಅಗ್ಗದ ವಾಚಿನ ಮಿನರಲ್ ಗಾಜು ಅದಕ್ಕಿಂತ ಮೆದು, ಗೀರು ಬೀಳುತ್ತದೆ. ನೀಲಮಣಿಯ ಗಾಜು 9, ಬೀಳುವುದಿಲ್ಲ. ಕಾಳಿ ಕಾರವಾರದಲ್ಲಿ ಸಮುದ್ರ ಸೇರುವಲ್ಲಿಗೆ ಬಂದರೆ ಆಟ ಬದಲಾಗುತ್ತದೆ. ಗ್ಯಾಸ್ಕೆಟ್‌ನ ಸಂದಿಯಲ್ಲಿ ನಿಂತ ಉಪ್ಪುನೀರು ಸ್ಟೇನ್‌ಲೆಸ್ ಉಕ್ಕನ್ನೂ ತೂತುತೂತಾಗಿ ತಿನ್ನಬಲ್ಲದು. ಕಡಲಲ್ಲಿ, ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಮುಳುಗು ಹಾಕಿ ಬಂದವರು ವಾಚನ್ನು ಸಿಹಿನೀರಿನಲ್ಲಿ ತೊಳೆಯಬೇಕಾದದ್ದು ಇದಕ್ಕೇ.

ಕರ್ನಾಟಕದ ಉಲ್ಟಾ ಸಂಪ್ರದಾಯ

ವಾಚಿಗೆ ವಯಸ್ಸು ಬದಲಿಸುವ ಕೆಲಸ ಕರ್ನಾಟಕಕ್ಕೆ ಸಂಬಂಧಿಸಿ ದೊಡ್ಡದಾಗಿ ನಡೆದದ್ದು ಎದುರು ದಿಕ್ಕಿನಲ್ಲಿ, ಹಳೆಯದನ್ನು ಹೊಸದಾಗಿ ಕಾಣಿಸುವುದರಲ್ಲಿ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚು ತಯಾರಿಸತೊಡಗಿತು. 1978ರಲ್ಲಿ ತುಮಕೂರಿನ ಕಾರ್ಖಾನೆ ಸೇರಿತು. ಜನತಾ, ಪೈಲಟ್, ಕೊಹಿನೂರ್, ಸೋನಾ ಎಂಬ ಹೆಸರುಗಳು ಎರಡು ತಲೆಮಾರಿನ ಮದುವೆ, ನೌಕರಿ, ನಿವೃತ್ತಿಗಳ ಉಡುಗೊರೆಯಾದವು. ಕ್ವಾರ್ಟ್ಜ್ ವಾಚುಗಳ ಪೈಪೋಟಿಯಲ್ಲಿ ಸೊರಗಿದ ಕಂಪನಿಯ ವಾಚು ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಜಾಲಹಳ್ಳಿಯಲ್ಲಿ 2019ರಿಂದ ಎಚ್‌ಎಂಟಿ ವಸ್ತುಸಂಗ್ರಹಾಲಯವಿದೆ.

ಮುಚ್ಚುವ ಸುದ್ದಿ ಬಂದ ಮೇಲೆ ಹಳೆಯ ಕೀಲಿ ಕೊಡುವ ಎಚ್‌ಎಂಟಿಗಳಿಗೆ ಬೇಡಿಕೆ ಏರಿತು. ಕಪಾಟಿನಲ್ಲಿ ಮಲಗಿದ್ದ, ಡಯಲ್ ಕಲೆಗಟ್ಟಿದ, ಪ್ಲಾಸ್ಟಿಕ್ ಗಾಜು ಮಬ್ಬಾದ ವಾಚುಗಳನ್ನು ಕೊಂಡು, ಡಯಲ್‌ನ ಹಳೆಯ ಬಣ್ಣ ಕೆರೆದು ಹೊಸ ಬಣ್ಣ ಹೊಡೆದು, ಹೆಸರು ಮತ್ತೆ ಅಚ್ಚುಹಾಕಿ, ಕೇಸಿಗೆ ಪಾಲಿಷ್ ಕೊಟ್ಟು ಮಾರುವ ಕಸುಬು ಬೆಳೆಯಿತು. ಮುಂಬೈ ಇದರ ದೊಡ್ಡ ಕೇಂದ್ರ. ಫೇವರ್ ಲ್ಯೂಬಾ, ವೆಸ್ಟ್ ಎಂಡ್ ವಾಚುಗಳಿಗೂ ಅಲ್ಲಿ ಇದೇ ಉಪಚಾರ. ಕಾರ್ಖಾನೆ ಎಂದೂ ಮಾಡದ ಕೆಂಪು, ಹಸಿರು, ಕಿತ್ತಳೆ ಡಯಲ್‌ಗಳ ಪೈಲಟ್‌ಗಳು ಹೀಗೆ ಹುಟ್ಟಿದವು. ಸಂಗ್ರಾಹಕರು ಇವನ್ನು ‘ರೀಡಯಲ್’ ಎಂದು ಮೂಗುಮುರಿಯುತ್ತಾರೆ, ಕಲೆಯಿದ್ದರೂ ಮೂಲ ಡಯಲ್ ಇರುವ ಜನತಾಕ್ಕೆ ಹೆಚ್ಚು ಕೊಡುತ್ತಾರೆ.

ಇದನ್ನು ಬರೀ ಮೋಸವೆಂದು ತಳ್ಳಿಹಾಕುವುದು ಸರಿಯಲ್ಲ. ಅಪ್ಪನ ವಾಚನ್ನು ರಿಪೇರಿ ಅಂಗಡಿಗೆ ಕೊಟ್ಟವನಿಗೆ ಬೇಕಿದ್ದದ್ದು ಓಡುವ, ಹೊಳೆಯುವ ವಾಚು. ನಮ್ಮಲ್ಲಿ ಹಳೆಯ ವಸ್ತುವನ್ನು ಗೌರವಿಸುವ ರೀತಿಯೇ ಬಣ್ಣ ಬಳಿದು ಹೊಸದು ಮಾಡುವುದು. ದೇವಸ್ಥಾನದ ಶಿಲೆಗೆ ಎಣ್ಣೆಬಣ್ಣ ಹೊಡೆದವರ ಭಕ್ತಿಯನ್ನು ಯಾರೂ ಅನುಮಾನಿಸಲಾರರು. ಹೊಸದಕ್ಕೆ ಕಲೆ ಹಚ್ಚುವವನೂ ಹಳೆಯದಕ್ಕೆ ಬಣ್ಣ ಹೊಡೆಯುವವನೂ ಅಳಿಸುವುದು ಮಾತ್ರ ಒಂದನ್ನೇ: ಆ ವಾಚು ಎಲ್ಲಿ, ಹೇಗೆ ಬಾಳಿತೆಂಬ ಸಾಕ್ಷ್ಯವನ್ನು.

ಹವ್ಯಾಸಿಗಳಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ ಸಲ್ಲುತ್ತದೆ. ಡಯಲ್ ಕೆರೆಯುವ ಕೆಲಸವನ್ನು ರೇಡಿಯಂ ಇರುವ ಹಳೆಯ ವಿದೇಶಿ ವಾಚುಗಳ ಮೇಲೆ ಮನೆಯಲ್ಲಿ ಮಾಡಲೇಬಾರದು. ಮುಚ್ಚಿದ ವಾಚಿಗಿಂತ ಕೆರೆದಾಗ ಉದುರಿ ಗಾಳಿಗೆ ಸೇರುವ ಪುಡಿ ಬಹಳ ಹೆಚ್ಚು ಅಪಾಯಕಾರಿ. 1920ರ ದಶಕದಲ್ಲಿ ಅಮೆರಿಕದ ಡಯಲ್ ಕಾರ್ಖಾನೆಗಳಲ್ಲಿ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿ ರೇಡಿಯಂ ಬಳಿದ ಯುವತಿಯರಲ್ಲಿ ಹಲವರು ದವಡೆ ಕೊಳೆತು ಸತ್ತರು.

ಗುರುತಿಸುವುದು

ಮುಪ್ಪಾಗಿಸಿದ ವಾಚನ್ನು ತನ್ನ ಖುಷಿಗೆ ಕಟ್ಟಿಕೊಂಡರೆ ಯಾರದೂ ತಕರಾರಿಲ್ಲ. ಹಳೆಯದೆಂದು ಮಾರಿದಾಗ ಅದು ವಂಚನೆ. ದೊಡ್ಡ ಮಟ್ಟದಲ್ಲೂ ಇದು ನಡೆಯುತ್ತದೆ: 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ ಕಂದುಬಣ್ಣದ ‘ಟ್ರಾಪಿಕಲ್’ ಡಯಲ್ ಇದ್ದ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷಕ್ಕೂ ಹೆಚ್ಚು ಸ್ವಿಸ್ ಫ್ರಾಂಕ್‌ಗೆ ಹೋಯಿತು. ಬೇರೆ ಬೇರೆ ವಾಚುಗಳ ಭಾಗ ಸೇರಿಸಿ ಅದನ್ನು ಜೋಡಿಸಲಾಗಿತ್ತೆಂದು 2023ರಲ್ಲಿ ಕಂಪನಿಯೇ ಹೇಳಿತು. ಕೊಂಡದ್ದೂ ಒಮೆಗಾವೇ, ತನ್ನ ವಸ್ತುಸಂಗ್ರಹಾಲಯಕ್ಕಾಗಿ.

ಅಗ್ಗದ ವಾಚುಗಳಲ್ಲಿ ಪರೀಕ್ಷೆ ಸುಲಭ. ಬೆಜೆಲ್ ಬಿಳುಚಿ ಮುಳ್ಳು ಮತ್ತು ಕೇಸು ಹೊಸದಾಗಿದ್ದರೆ ಅನುಮಾನಪಡಬೇಕು, ಬಿಸಿಲು ಹಾಗೆ ಆರಿಸಿ ಬೀಳುವುದಿಲ್ಲ. ಕೊಂಡಿಯಲ್ಲಿ ಗೀರಿಲ್ಲದೆ ಕೇಸಿನ ಬದಿಯಲ್ಲಷ್ಟೇ ಇದ್ದರೆ ಅದೂ ಹಾಗೇ. ಹಿಂಬದಿಯ ಸೀರಿಯಲ್ ಸಂಖ್ಯೆಯಿಂದ ಸೈಕೊ ವಾಚುಗಳ ತಯಾರಿಕೆಯ ತಿಂಗಳನ್ನು, ದಶಕ ಗೊತ್ತಿದ್ದರೆ ವರ್ಷವನ್ನೂ ತಿಳಿಯಬಹುದು. ಕೊನೆಯದು ಟಾರ್ಚಿನ ಪರೀಕ್ಷೆ. ಡಯಲ್‌ನ ಮೇಲೆ ಅರ್ಧ ನಿಮಿಷ ಟಾರ್ಚ್ ಬಿಟ್ಟು ಕತ್ತಲಿಗೆ ಒಯ್ದಾಗ ಜೇನುಬಣ್ಣದ ಗುರುತುಗಳು ಹಸಿರಾಗಿ ಧಗಧಗನೆ ಹೊಳೆದು ಬಹಳ ಹೊತ್ತು ಉಳಿದರೆ ಅದು ಸ್ಟ್ರಾನ್ಷಿಯಂ ಅಲ್ಯುಮಿನೇಟ್, ಅಂದರೆ 1993ರ ಈಚಿನದು, ಮೇಲಿನ ಜೇನು ಏನೇ ಹೇಳಲಿ.